ಶಾಲೆಯಂಗಳದ ಕೆಂಪು ಮಣ್ಣು

ಬಿಷ್ಕೆಕ್
3 ಸೆಪ್ಟೆಂಬರ್ 2012

ಪ್ರೀತಿಯ ಊಲ್ಕನ್ ತಾಯೆಜೆಗೆ ಮೇದೆರ್ ಮಾಡುವ ಸಲಾಮು.

ಈ ಕಾಗದವನ್ನು ಬಸ್ಸಿನ ಎರ್ಮೆಕ್ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ನೀವು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ "ಹಾಂ? ಏನಂದೆ?" ಎಂದು ಕೂಗಿದರೆ ನಮ್ಮ ಮನೆಯ ಸುದ್ದಿ ಇಡೀ ಸಾರಿ-ಬುಲುಂಗ್‌ಗೆ ಗೊತ್ತಾಗುತ್ತದೆ.

ಅಮ್ಮ ಹೋದ ಮೇಲೆ ಅವಳ ಅಕ್ಕನಾಗಿ ನನ್ನನ್ನು ಸಾಕಿ ಓದಿಸಿದವರು ನೀವು. ಕಚೇರಿಯಲ್ಲಿ ಏನು ಕೆಲಸವೋ ಎಂದು ಕೇಳಿದಾಗಲೆಲ್ಲ "ಕಾಗದದ ಕೆಲಸ" ಎಂದು ಹಾರಿಸಿಬಿಡುತ್ತಿದ್ದೆ. ಈಗ ಎದೆ ತಟ್ಟಿ ಹೇಳಬಹುದು. ಯುರೇನಿಯಂ ತೆಗೆದು ಬಿಟ್ಟುಹೋದ ನಮ್ಮಂಥ ಕಣಿವೆಗಳಲ್ಲಿ ಎಲ್ಲಿ ನೆಲ ಕೆಟ್ಟಿದೆ, ಎಲ್ಲಿ ಶುದ್ಧ ಮಾಡಬೇಕು ಎಂಬುದೆಲ್ಲ ಇಷ್ಟು ವರ್ಷ ಬೀಗ ಹಾಕಿದ ಬೀರುವಿನಲ್ಲಿತ್ತು. ನಮ್ಮ ಕಚೇರಿ ಅದನ್ನೆಲ್ಲ ಹೊರತೆಗೆದು ಊರಿಗೊಂದು ಪುಟದಂತೆ ತೆರೆದ ದಾಖಲೆ ಮಾಡುತ್ತಿದೆ. ಮಂತ್ರಿಯಾಗಲಿ, ಕುರಿ ಕಾಯುವವನಾಗಲಿ, ಯಾರು ಬಂದು ಕೇಳಿದರೂ ಪುಟ ತೋರಿಸಬೇಕು. ತಪ್ಪಿದ್ದರೆ ಊರಿನವರು ತಕರಾರು ಬರೆಯಬಹುದು. ಅದನ್ನೂ ಅದೇ ಪುಟದಲ್ಲಿ ಸೇರಿಸಬೇಕು.

ನಮ್ಮ ಶಾಲೆಯ ಅಂಗಳದ ಬೂದು ಮರಳು ನೆನಪಿದೆಯಲ್ಲ? ಗಣಿಯ ಗಿರಣಿಯಲ್ಲಿ ಅದಿರು ಅರೆದು ಉಳಿದದ್ದನ್ನು ಆಗಿನ ಕಾಲದಲ್ಲಿ ಲಾರಿಗಟ್ಟಲೆ ತಂದು ಹಾಸಿದ್ದು. ಅದರಲ್ಲೇ ನಾನು ಚೆಂಡಾಡಿ ಬೆಳೆದೆ. ಅದನ್ನು ತೆಗೆಸಬೇಕು, ತಾಯೆಜೆ. ಶುದ್ಧ ಮಾಡಬೇಕಾದ ಜಾಗಗಳ ಪಟ್ಟಿ ಬರುವ ಮೇ ಕೊನೆಗೆ ಮುಚ್ಚುತ್ತದೆ. ಅದರಲ್ಲಿ ಇರುವ ಊರಿಗೆ ಮಾತ್ರ ಯಂತ್ರಗಳು ಬರುತ್ತವೆ. ತಪ್ಪಿಸಿಕೊಂಡರೆ ಮತ್ತೆ ಯಾವ ಕಾಲಕ್ಕೋ, ದೇವರೇ ಬಲ್ಲ.

ನೆಲದ ವಿಕಿರಣ ಅಳೆಯುವವರು ಈ ತಿಂಗಳ ಕೊನೆಯಲ್ಲಿ ಬರುತ್ತಾರೆ. ಅತಿಥಿಗಳಂತೆ ನೋಡಿಕೊಳ್ಳಿ. ಊರಿನ ಮರ್ಯಾದೆ ನಿಮ್ಮ ಕೈಯಲ್ಲಿದೆ.

ನಿಮ್ಮ
ಮೇದೆರ್


ಸಾರಿ-ಬುಲುಂಗ್
29 ಸೆಪ್ಟೆಂಬರ್ 2012

ಬಾಲಮ್, ನನ್ನ ಮಗುವೇ,

ನಿನ್ನ ಅತಿಥಿಗಳು ಬಂದರು, ತಿಂದರು, ಅಳೆದರು, ಹೋದರು. ಟಿಕ್ ಟಿಕ್ ಎನ್ನುವ ಪೆಟ್ಟಿಗೆ ಹಿಡಿದುಕೊಂಡು ಊರೆಲ್ಲ ಓಡಾಡಿದರು. ಅವರ ಮುಂದಾಳು ಬೋಳುತಲೆಯವನು. ಒಳ್ಳೆಯವನೇ, ಆದರೆ ಕುರಿಯ ತಲೆಯನ್ನು ಮುಂದಿಟ್ಟಾಗ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಕಣ್ಣು ಕಣ್ಣು ಬಿಟ್ಟ. "ಕಿವಿ ಕೊಯ್ದು ಚಿಕ್ಕೋರ್‌ಗೆ ಕೊಡಿ ಸಾರ್, ಅವರಾದ್ರೂ ಮಾತು ಕೇಳ್ಲಿ" ಎಂದು ನಾನೇ ಹೇಳಿಕೊಟ್ಟೆ. ಪೇಟೆಯಲ್ಲಿ ಇದನ್ನೆಲ್ಲ ಮರೆತೇಬಿಟ್ಟಿದ್ದೀರಾ?

ಮರ್ಯಾದೆಯ ವಿಷಯಕ್ಕೆ ನೀನು ಚಿಂತೆ ಮಾಡಬೇಡ. ಶಾಲೆಯ ಅಂಗಳದಲ್ಲಿ ಅವರು ತುಂಬ ಹೊತ್ತು ನಿಂತಿದ್ದರು. ಬೋಳುತಲೆಯವನು ಪೆಟ್ಟಿಗೆಯನ್ನು ತಟ್ಟಿ ತಟ್ಟಿ ನೋಡಿ, "ಏನಜ್ಜಿ, ನಿಮ್ಮೂರು ಇಷ್ಟು ಚೊಕ್ಕಟವಾಗಿದೆ!" ಎಂದ. ನಮ್ಮ ಹಿರಿಯ ಓರೋಜ್‌ಬಾಯ್ ಮೀಸೆ ತಿರುವಿದ. ನನಗೂ ಒಳಗೊಳಗೇ ಹಿಗ್ಗು. ಗಣಿಯೂರಿನವರು ಎಂದು ನಮ್ಮ ಒಣಮೊಸರಿನ ಕುರುತ್ ಉಂಡೆಯನ್ನೂ ಮೂಸಿ ನೋಡಿ ವಾಪಸು ಇಡುವ ಜನರ ನಡುವೆ ಬಾಳಿದವಳಿಗೆ ಆ ಒಂದು ಮಾತು ಎಷ್ಟು ಎಂದು ನಿನಗೆ ಬಿಡಿಸಿ ಹೇಳಬೇಕೆ?

ಹೇಗೆ ಮಾಡಿದಿರಿ ಎಂದು ಕೇಳಬೇಡ. ಬಂದು ನೋಡು.

ಊಲ್ಕನ್


ಬಿಷ್ಕೆಕ್
20 ನವೆಂಬರ್ 2012

ತಾಯೆಜೆ,

ನಮ್ಮ ಊರಿನ ಪುಟ ಇವತ್ತು ನನ್ನ ಮೇಜಿಗೆ ಬಂತು. ಅದರ ಪ್ರತಿ ಇದರ ಜೊತೆಗಿದೆ. "ಶಾಲೆಯ ಅಂಗಳ: ಸಹಜ ಮಟ್ಟ. ಶುದ್ಧೀಕರಣದ ಅಗತ್ಯವಿಲ್ಲ." ನಾನು ಅದನ್ನು ಮತ್ತೆ ಮತ್ತೆ ಓದಿದೆ. ನನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಅಳತೆಯವರಿಗೆ ಅಮಲೇರಿಸುವ ಕುದುರೆಹಾಲಿನ ಕುಮಿಸ್ ಎಷ್ಟು ಕುಡಿಸಿದಿರಿ? ಕುರಿಯ ಮಾಂಸ ತಿಂದು ನಿದ್ದೆಗಣ್ಣಿನಲ್ಲಿ ಅಳೆದರೇ, ಇಲ್ಲ ಊರ ಹಿರಿಯರೇ "ಚೆನ್ನಾಗಿ ಬರೀರಪ್ಪ" ಎಂದು ಕಿವಿಯಲ್ಲಿ ಊದಿದರೇ? ಆ ನೆಲ ಸಹಜವಾಗಿರಲು ಸಾಧ್ಯವೇ ಇಲ್ಲ. ಅತಿಥಿಗಳಂತೆ ನೋಡಿಕೊಳ್ಳಿ ಎಂದೆನೇ ಹೊರತು ಬುಟ್ಟಿಗೆ ಹಾಕಿಕೊಳ್ಳಿ ಎನ್ನಲಿಲ್ಲ. ನನಗೆ ಬಹಳ ಬೇಸರವಾಗಿದೆ.

ಮೇದೆರ್


ಸಾರಿ-ಬುಲುಂಗ್
9 ಡಿಸೆಂಬರ್ 2012

ಮೇದೆರ್,

ಎರಡು ವಾರದಿಂದ ಕೈಗೆ ಪೆನ್ನು ತೆಗೆದುಕೊಂಡಿರಲಿಲ್ಲ. ತೆಗೆದುಕೊಂಡಿದ್ದರೆ ಬಾಯಿಗೆ ಬಂದದ್ದನ್ನೆಲ್ಲ ಬರೆದುಬಿಡುತ್ತಿದ್ದೆ. ಬುಟ್ಟಿಗೆ ಹಾಕಿಕೊಂಡೆವಂತೆ! ಯಾರಿಗೆ ಹೇಳುತ್ತಿದ್ದೀಯಾ ಈ ಮಾತು? ಬಂದವರಿಗೆ ಕುರಿ ಕಡಿದದ್ದು ಲಂಚವಾದರೆ ನಿನ್ನ ತಾತ ಮುತ್ತಾತರೆಲ್ಲ ಲಂಚಕೋರರು.

ನಾವು ದುಡಿದೆವು, ತಿಳಿಯಿತೇ? ಅತಿಥಿಗಳು ಬರುತ್ತಾರೆ, ಊರಿನ ಮರ್ಯಾದೆ ಎಂದು ನೀನೇ ಬರೆದೆ. ನಾನು ಕಾಗದವನ್ನು ಓರೋಜ್‌ಬಾಯ್‌ಗೆ ಓದಿ ಹೇಳಿದೆ. ಅವನು ಅಶರ್ ಸಾರಿದ. ಮನೆಗೊಂದು ಆಳಿನಂತೆ ಇಡೀ ಊರು ಸನಿಕೆ ಹಿಡಿದು ಬಂತು. ಮೇಲಿನ ಹುಲ್ಲುಗಾವಲಿನ ಕೆಂಪು ಮಣ್ಣನ್ನು ಟ್ರ್ಯಾಕ್ಟರಿನಲ್ಲಿ, ಕತ್ತೆಗಾಡಿಯಲ್ಲಿ, ಹೆಂಗಸರು ಚೀಲದಲ್ಲಿ ಹೊತ್ತು ತಂದು ಆ ಬೂದು ಮರಳಿನ ಮೇಲೆ ಮೊಣಕಾಲುದ್ದ ಹರವಿದೆವು. ತುಳಿದು, ನೀರು ಚಿಮುಕಿಸಿ, ಗಟ್ಟಿ ಮಾಡಿದೆವು. ಕೈಯೆಲ್ಲ ಬೊಬ್ಬೆ. ಕೊನೆಯ ದಿನ ಬೋರ್ಸೋಕ್ ಕರಿದು ಎಲ್ಲರಿಗೂ ಹಂಚಿದೆ. ಮನೆಗೆ ನೆಂಟರು ಬರುವಾಗ ಹರಿದ ಕಂಬಳಿಯ ಮೇಲೆ ಹೊಸದನ್ನು ಹಾಸುವುದಿಲ್ಲವೇ? ಅಷ್ಟೇ ನಾವು ಮಾಡಿದ್ದು. ಇಂಥ ಊರೊಗ್ಗಟ್ಟು ನಿನ್ನ ಬಿಷ್ಕೆಕ್‌ನಲ್ಲಿ ಒಂದು ಬೀದಿಗಾದರೂ ಇದೆಯೇ?

ನೀನು ಕಳಿಸಿದ ಪುಟವನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದೇವೆ. ಸೀಲು ಎಲ್ಲರಿಗೂ ಕಾಣುವಂತೆ.

ಇನ್ನೊಂದು ಸುದ್ದಿ. ಮಗ ಸೊಸೆ ರಷ್ಯಾಕ್ಕೆ ದುಡಿಯಲು ಹೋದಾಗಿನಿಂದ ನನ್ನ ಮಡಿಲಲ್ಲಿ ಬೆಳೆದ ಜೀಬೆಕ್, ಈಗ ಅದೇ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು, ಅವಳಿಗೆ ಗಂಡು ಗೊತ್ತಾಗಿದೆ. ಕೆಳಗಿನ ಬೆಶ್-ತೆರೆಕ್ ಊರಿನ ಹುಡುಗ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ಎರಡು ವರ್ಷವಾಗಿತ್ತು. ಅವನ ತಾಯಿ ಕಾಲಿಪಾ "ಗಣಿ ಊರಿನ ಹುಡ್ಗಿ ಬೇಡ, ಹುಟ್ಟೋ ಮಕ್ಕಳ ಗತಿ ಏನು" ಎಂದು ಪಟ್ಟು ಹಿಡಿದಿದ್ದಳು. ಆ ಪುಟ ಗೋಡೆಗೆ ಬಿದ್ದ ವಾರದಲ್ಲೇ ತಾನಾಗಿ ಬಂದು ಜೀಬೆಕ್‌ಳ ಕಿವಿಗೆ ಬೆಳ್ಳಿಯ ಓಲೆ ತೊಡಿಸಿ ಹೋದಳು. ಮದುವೆ ಜೂನ್‌ನಲ್ಲಿ.

ಈಗ ಹೇಳು, ನಿನಗೆ ಬೇಸರ ಯಾತಕ್ಕೆ?

ಊಲ್ಕನ್


ಬಿಷ್ಕೆಕ್
24 ಡಿಸೆಂಬರ್ 2012

ತಾಯೆಜೆ,

ಮೊದಲು ನಿಮ್ಮ ಕಾಲಿಗೆ ಬೀಳುತ್ತೇನೆ. ಕುಮಿಸ್, ಕುರಿ ಎಂದೆಲ್ಲ ಬರೆದದ್ದು ನನ್ನ ಹುಂಬತನ. ಜೀಬೆಕ್‌ಗೆ ನನ್ನ ಮುತ್ತು. ಓಲೆಯ ಸುದ್ದಿ ಓದಿ ಕುಣಿಯುವಂತಾಯಿತು. ಆಮೇಲೆ ಅದರ ಮೇಲಿನ ಸಾಲುಗಳಿಗೆ, ಮಣ್ಣು ಹರವಿದ ಕಥೆಗೆ, ಮರಳಿ ಬಂದೆ.

ಪೆಟ್ಟಿಗೆ ಅಳೆದದ್ದು ನೀವು ಹೊತ್ತು ತಂದ ಕೆಂಪು ಮಣ್ಣನ್ನು. ಕೆಟ್ಟದ್ದು ಅದರ ಅಡಿಯಲ್ಲಿ ಹಾಗೇ ಇದೆ. ಮುಚ್ಚಿದೆವಲ್ಲ, ಸಾಲದೇ ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಸಾಲದು. ಆ ಅಂಗಳ ಇಳಿಜಾರು. ಹಿಮ ಕರಗಿದರೆ ಸಡಿಲ ಮಣ್ಣು ತೊರೆಗೆ ಹೋಗುತ್ತದೆ, ಅದರ ಹಿಂದೆ ಮರಳೂ ಹೋಗುತ್ತದೆ. ಮಕ್ಕಳು ಕೆದಕುತ್ತಾರೆ. ಗಾಳಿಗೆ ಏಳುವ ಧೂಳು ಅವರ ಎದೆಯೊಳಗೆ ಸೇರುತ್ತದೆ. ನೀವು ಇಷ್ಟು ಪ್ರೀತಿಯಿಂದ ಹಾಸಿದ ಕಂಬಳಿ ಒಂದು ಚಳಿಗಾಲಕ್ಕೆ ಮಾತ್ರ.

ತಪ್ಪು ನಿಮ್ಮದಲ್ಲ. "ಊರಿನ ಮರ್ಯಾದೆ" ಎಂದು ಬರೆದವನು ನಾನು. ಇದ್ದ ಹಾಗೆ ತೋರಿಸಿ ಎಂದು ಬರೆಯಬೇಕಿತ್ತು. ಕಿರ್ಗಿಜರ ಮನೆಗೆ ಅತಿಥಿ ಬರುತ್ತಾನೆ ಎಂದರೆ ಏನಾಗುತ್ತದೆ ಎಂಬುದನ್ನು ಕಿರ್ಗಿಜನೇ ಮರೆತನಲ್ಲ!

ನಾನೇ ತಿದ್ದಿಬಿಡೋಣವೆಂದರೆ ಆಗುವುದಿಲ್ಲ. ಕಚೇರಿಯವನು ತನಗೆ ತಿಳಿದಂತೆ ಪುಟ ತಿದ್ದಲು ಶುರುಮಾಡಿದರೆ ಮತ್ತೆ ಆ ಬೀಗದ ಬೀರುವೇ ಗತಿ. ಊರಿನವರು ಯಾರಾದರೂ ಹೆಸರು ಹಾಕಿ, ಸಹಿ ಮಾಡಿ ತಕರಾರು ಬರೆಯಬೇಕು. ಆ ಹೆಸರು ಪುಟದಲ್ಲಿ ಎಲ್ಲರಿಗೂ ಕಾಣುತ್ತದೆ. ಬೆಶ್-ತೆರೆಕ್‌ನವರಿಗೂ ಕಾಣುತ್ತದೆ. ಅದನ್ನು ನಿಮ್ಮಿಂದ ಮುಚ್ಚಿಡಲಾರೆ.

ತಕರಾರು ಬರೆಯಲು ಕಚೇರಿಯ ಸೀಲಿರುವ ಖಾಲಿ ಹಾಳೆ ಇಟ್ಟಿದ್ದೇನೆ, ಬೇರೆ ಕಾಗದ ನಡೆಯುವುದಿಲ್ಲ.

ನಿಮ್ಮ
ಮೇದೆರ್


ಬಿಷ್ಕೆಕ್
11 ಫೆಬ್ರವರಿ 2013

ತಾಯೆಜೆ,

ಎರಡು ಸಲ ಎರ್ಮೆಕ್‌ನನ್ನು ಕೇಳಿದೆ. "ಚಹಾಪುಡಿ ಕೊಟ್ಟೆ, ತಗೊಂಡ್ರು. ಕಾಗದ ಇದೆಯಾ ಅಂದೆ, ಬಾಗಿಲು ಹಾಕ್ಕೊಂಡ್ರು" ಎಂದ. ಗುಡ್ಡದ ಮೇಲಿಂದ ಫೋನೂ ಬಂದಿಲ್ಲ.

ಬೈಯಲಾದರೂ ಒಂದು ಸಾಲು ಬರೆಯಿರಿ. ನಿಮ್ಮ ಮೇಲೆ ಒತ್ತಾಯ ಹಾಕುವುದಿಲ್ಲ. ಜೀಬೆಕ್‌ಳ ಓಲೆ ನನ್ನ ಕಣ್ಣಮುಂದೆಯೂ ಇದೆ.

ಮೇದೆರ್


ಸಾರಿ-ಬುಲುಂಗ್
27 ಮಾರ್ಚ್ 2013

ಬಾಲಮ್,

ನಿನ್ನ ಡಿಸೆಂಬರಿನ ಕಾಗದ ಇಷ್ಟು ದಿನ ಕೌದಿಗಳ ಅಡಿಯಲ್ಲಿತ್ತು. ಜೀಬೆಕ್‌ಗೂ ತೋರಿಸಿರಲಿಲ್ಲ. ನಿನ್ನ ಮೇಲೆ ಕೋಪವಿತ್ತು, ಸುಳ್ಳು ಹೇಳುವುದಿಲ್ಲ. ಹುಟ್ಟಿದ ಊರಿಗೆ ಕಳಂಕ ಹಚ್ಚಲೆಂದೇ ಓದಿಸಿದೆನೇ ಇವನನ್ನು ಎಂದುಕೊಂಡೆ. ಖಾಲಿ ಹಾಳೆಯನ್ನು ಒಲೆಗೆ ಹಾಕಲು ಹೋಗಿ, ಯಾಕೋ ಮನಸ್ಸಾಗದೆ, ಮತ್ತೆ ಅಲ್ಲೇ ಇಟ್ಟೆ.

ನೋರುಜ್ ಹಬ್ಬದ ದಿನ ಎಂದಿನಂತೆ ಶಾಲೆಯ ಅಂಗಳದಲ್ಲಿ ಕಡಾಯಿ ಇಟ್ಟು ಮೊಳಕೆ ಗೋಧಿಯ ಸುಮೋಲೋಕ್ ಕಾಯಿಸಲು ಹೋದೆವು. ಹಿಮ ಕರಗಿತ್ತು. ನಮ್ಮ ಕೆಂಪು ಮಣ್ಣು ಅಲ್ಲಿರಲಿಲ್ಲ, ಮೇದೆರ್. ಅರ್ಧಕ್ಕರ್ಧ ಕೊಚ್ಚಿಕೊಂಡು ಹೋಗಿತ್ತು. ತೊರೆ ಕೆಂಪಗೆ ಹರಿಯುತ್ತಿತ್ತು. ಅಂಗಳದ ನಡುವೆ ಆ ಬೂದು ಮರಳು ಹರಿದ ಅಂಗಿಯೊಳಗಿನ ಮೈಯಂತೆ ಕಾಣುತ್ತಿತ್ತು. ಎಲ್ಲರೂ ನೋಡಿದರು. ಕಡಾಯಿ ತಿರುವುತ್ತಾ ಕೂತರು.

ನನ್ನ ಪಕ್ಕದಲ್ಲಿ ಒಂದು ಪುಟ್ಟ ಹುಡುಗಿ ಆಡುತ್ತಿದ್ದಳು, ಜೀಬೆಕ್‌ಳ ತರಗತಿಯವಳು. ಒದ್ದೆ ಮರಳನ್ನು ತಟ್ಟಿ, ದುಂಡಗೆ ಮಾಡಿ, ಬೆರಳಿನಿಂದ ಚುಕ್ಕೆ ಇಟ್ಟು ಥೇಟು ನಾನ್ ರೊಟ್ಟಿಯಂತೆ ಮಾಡಿದಳು. ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಬಂದಳು. "ತಗೊಳ್ಳಿ ಅಜ್ಜಿ, ನಮ್ಮನೆ ರೊಟ್ಟಿ, ಚೂರಾದ್ರೂ ಮುರೀಬೇಕು" ಎಂದಳು.

ನಮ್ಮಲ್ಲಿ ಹಿಡಿದ ರೊಟ್ಟಿಯನ್ನು ಬೇಡ ಎನ್ನುವಂತಿಲ್ಲ. ಶತ್ರುವಿನ ಮನೆಯಲ್ಲೂ ಹೊಸಿಲು ದಾಟುವ ಮೊದಲು ಒಂದು ಚೂರು ಮುರಿಯುವವರು ನಾವು. ಈ ವಯಸ್ಸಿನವರೆಗೆ ನಾನು ಯಾರ ರೊಟ್ಟಿಯನ್ನೂ ಬೇಡ ಅಂದವಳಲ್ಲ. ಆ ಮಗುವಿಗೆ "ಬೇಡ, ಬಿಸಾಕು" ಅಂದೆ. ಅವಳ ಕೈ ತಟ್ಟಿಯೂಬಿಟ್ಟೆ. ರೊಟ್ಟಿ ಒಡೆದುಹೋಯಿತು. ಹುಡುಗಿ ಅಳಲು ಶುರುಮಾಡಿದಳು. ಅವಳನ್ನು ಎತ್ತಿಕೊಂಡು ಹೋಗಿ ಬಿಸಿನೀರಿನಲ್ಲಿ ಕೈ ತೊಳೆಸುವಾಗ ನಾನೂ ಅತ್ತೆ. ಮಗು ನನಗೆ ಮರ್ಯಾದೆ ಮಾಡಿದಳು, ನಾನು ಹೊಡೆದೆ. ಇನ್ನು ಎಂಥ ಮರ್ಯಾದೆ ಉಳಿಯಿತು?

ಅವತ್ತೇ ಜೀಬೆಕ್‌ಗೆ ನಿನ್ನ ಕಾಗದ ಕೊಟ್ಟೆ. ಅವಳು ಓದಿ, ಮಡಚಿಟ್ಟು ಹೇಳಿದಳು: "ಬರೀರಿ ಅಜ್ಜಿ. ಆ ಮಕ್ಕಳ ಕೈನ ದಿನಾ ನಾನೇ ತೊಳಸೋದು. ಓಲೆ ಹೋದ್ರೆ ಹೋಗ್ಲಿ." ಹೇಳುವಾಗ ಗಟ್ಟಿಯಾಗೇ ಹೇಳಿದಳು. ಒಳಕೋಣೆಗೆ ಹೋದ ಮೇಲೆ ಏನಾಯಿತೋ, ನಾನು ಇಣುಕಲಿಲ್ಲ.

ಓರೋಜ್‌ಬಾಯ್ ಮನೆಯಲ್ಲಿ ಸಭೆ ಸೇರಿತು. ಅವನಂತೂ ಕೆಂಡವಾದ. "ಊರಿನ ಮಾನ ಹರಾಜು ಹಾಕ್ತೀಯಾ ಊಲ್ಕನ್? ಈಗ ತಾನೆ ನಮ್ಮ ಹೆಣ್ಮಕ್ಕಳನ್ನ ಕೇಳ್ಕೊಂಡು ಬರ್ತಿದಾರೆ!"

"ಮೊದಲು ಹೋಗೋದು ನಮ್ಮನೆ ಹೆಣ್ಣಿನ ಸಂಬಂಧ. ನಿನ್ನದೇನು ಹೋಗುತ್ತೆ, ಮೀಸೆನಾ?" ಎಂದೆ.

"ಅಲ್ವೇ, ನಾವೇ ಹೊತ್ತು ಹಾಕಿ ನಾವೇ ಸುಳ್ಳು ಅಂತ ಬರ್ಕೊಡೋದಾ?"

"ಹೌದು. ಹೊತ್ತಿದ್ದೂ ನಾವೇ, ಹೇಳೋದೂ ನಾವೇ. ಬೇರೆಯವರು ಬಂದು ಅಗೆದು ಹೇಳಿದ್ರೆ ಅದು ಅವಮಾನ. ನಮ್ಮ ಬಾಯಲ್ಲಿ ನಾವೇ ಹೇಳಿದ್ರೆ ಅದಕ್ಕೆ ಅವಮಾನ ಅಂತಾರಾ?"

ಅವನು ಮೀಸೆ ಎಳೆದುಕೊಂಡ. ಆಮೇಲೆ ತಾನೂ ಸಹಿ ಹಾಕುತ್ತೇನೆ ಎಂದ. ಬೇಡ, ಇದು ನನ್ನದೊಬ್ಬಳದೇ ಇರಲಿ ಎಂದೆ. ಮುಂದೆ ಯಾರಾದರೂ ಬೈಯಬೇಕೆಂದರೆ ಯಾರನ್ನು ಬೈಯಬೇಕು ಎಂದು ತಿಳಿದಿರಲಿ.

ಹಾಳೆಯಲ್ಲಿ ಹೀಗೆ ಬರೆದಿದ್ದೇನೆ, ಸರಿಯಿದೆಯೇ ನೋಡು: "ನಾನು ಸಾರಿ-ಬುಲುಂಗ್‌ನ ಊಲ್ಕನ್. ನಮ್ಮ ಶಾಲೆಯ ಅಂಗಳ ಶುದ್ಧವಾಗಿದೆ ಎಂದು ನಿಮ್ಮ ಪುಟದಲ್ಲಿದೆ. ನೀವು ಅಳೆದದ್ದು ಮೇಲಿನ ಹುಲ್ಲುಗಾವಲಿನ ಮಣ್ಣನ್ನು. ಅತಿಥಿಗಳು ಬರುತ್ತಾರೆಂದು ಅದನ್ನು ತಂದು ಹರವಿದವರು ನಾವೇ. ಅಡಿಯಲ್ಲಿ ಗಣಿಯ ಮರಳಿದೆ. ಮತ್ತೆ ಬಂದು ಅಳೆಯಿರಿ. ಈ ಸಲ ಊರನ್ನು ಇದ್ದ ಹಾಗೆ ತೋರಿಸುತ್ತೇವೆ. ಕುರಿಯನ್ನಂತೂ ಕಡಿಯುತ್ತೇವೆ, ಅದಕ್ಕೆ ಬೇರೆ ಅರ್ಥ ಕಲ್ಪಿಸಬೇಡಿ."

ಕೊನೆಯ ಸಾಲು ನಿನಗೆ.

ಊಲ್ಕನ್


ಬಿಷ್ಕೆಕ್
10 ಏಪ್ರಿಲ್ 2013

ನನ್ನ ತಾಯೆಜೆ,

ನಿಮ್ಮ ತಕರಾರು ದಾಖಲೆಯಲ್ಲಿ ಸೇರಿತು. ಕುರಿಯ ಸಾಲನ್ನೂ ಬಿಡದೆ ಸೇರಿಸಿದ್ದಾರೆ. ಊರಿನವರು ಬರೆದದ್ದರಲ್ಲಿ ಒಂದಕ್ಷರವನ್ನೂ ಕತ್ತರಿಸುವಂತಿಲ್ಲ ಎಂಬ ನಿಯಮ ಮಾಡಿದವರು ನಾವೇ. ಇಡೀ ದೇಶದ ದಾಖಲೆಯಲ್ಲಿ ಊರಿನವರೊಬ್ಬರು "ನಮ್ಮ ನೆಲ ಕೆಟ್ಟಿದೆ, ಶುದ್ಧ ಎಂದು ಬರೆದದ್ದನ್ನು ತೆಗೆಯಿರಿ" ಎಂದು ಕೇಳಿದ್ದು ಇದೇ ಮೊದಲು. ಬೇರೆಲ್ಲ ಕಡೆಯಿಂದ ಬರುವುದು ಇದಕ್ಕೆ ಉಲ್ಟಾ. ನಮ್ಮ ಮೇಲಧಿಕಾರಿ ಎದ್ದುನಿಂತು ಎಲ್ಲರಿಗೂ ಕೇಳುವಂತೆ ಓದಿದರು. ಬೋಳುತಲೆಯವರು ನಕ್ಕು ನಕ್ಕು, ಆಮೇಲೆ ಗಂಭೀರವಾಗಿ, "ಈ ಸಲ ನೆಲ ಕೊರೆಯುವ ಯಂತ್ರ ತಗೊಂಡು ನಾನೇ ಹೋಗ್ತೀನಿ" ಎಂದರು. ಏಪ್ರಿಲ್ ಕೊನೆಯ ವಾರ ಬರುತ್ತಾರೆ. ಪಟ್ಟಿ ಮುಚ್ಚುವುದರೊಳಗೆ ಆಗುತ್ತದೆ.

ನಾನೂ ಒಂದು ಮಾತನ್ನು ನಿಮಗೆ ಹೇಳಿರಲಿಲ್ಲ. ಮೊದಲ ದಿನ ಅಳತೆಗೆ ಊರುಗಳ ಹೆಸರು ಬರೆಯುವಾಗ ನಾನು ಮೊದಲು ಬರೆದದ್ದೇ ಸಾರಿ-ಬುಲುಂಗ್. "ಸ್ವಂತ ಊರನ್ನೇ ಮೊದಲು ಹಾಕ್ತೀಯಲ್ಲೋ, ನಾಚಿಕೆ ಆಗಲ್ವಾ?" ಎಂದು ಜೊತೆಯವರು ಆಡಿಕೊಂಡಿದ್ದರು. ಅವತ್ತಿನಿಂದ ಯಾರಾದರೂ ಊರು ಯಾವುದು ಎಂದು ಕೇಳಿದರೆ ಆ ಕಡೆ, ಬೆಟ್ಟದ ಕಡೆ ಎಂದುಬಿಡುತ್ತಿದ್ದೆ. ಮೊನ್ನೆ ಮೇಲಧಿಕಾರಿ ಓದಿ ಮುಗಿಸಿ "ಯಾರಪ್ಪಾ ಈ ಊಲ್ಕನ್?" ಎಂದು ಕೇಳಿದರು. "ನನ್ನ ತಾಯೆಜೆ! ನಾನು ಸಾರಿ-ಬುಲುಂಗ್‌ನವನು!" ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಕೋಣೆಯವರೂ ಬಂದು ನೋಡಿದರು.

ಹೊಸ ಪುಟದ ಪ್ರತಿ ಇದರೊಂದಿಗಿದೆ. ಜೀಬೆಕ್ ಹೇಗಿದ್ದಾಳೆ? ಬೆಶ್-ತೆರೆಕ್‌ನಿಂದ ಏನಾದರೂ ಸುದ್ದಿ?

ನಿಮ್ಮ ಮಗ
ಮೇದೆರ್


ಸಾರಿ-ಬುಲುಂಗ್
2 ಮೇ 2013

ಮೇದೆರ್, ನನ್ನ ಮಗುವೇ,

ಬೋಳುತಲೆಯವನು ಬಂದು, ಕೊರೆದು, ತಲೆ ಅಲ್ಲಾಡಿಸಿದ. "ಪಟ್ಟಿಗೆ ಸೇರುತ್ತೆ ಅಜ್ಜಿ, ಚಿಂತೆ ಬೇಡ" ಎಂದ. ಈ ಸಲ ಕುರಿಯ ಕಿವಿಯನ್ನು ತಾನಾಗಿಯೇ ಕೊಯ್ದು ಹಂಚಿದ, ಕಲಿಯುತ್ತಾನೆ. ಶಾಲೆಯನ್ನು ಸದ್ಯಕ್ಕೆ ಓರೋಜ್‌ಬಾಯ್‌ನ ದೊಡ್ಡ ಮನೆಗೆ ಸಾಗಿಸಿದ್ದೇವೆ. ಮಕ್ಕಳ ಗಲಾಟೆಗೆ ಅವನ ಮೀಸೆಯೇ ಉದುರುವಂತಿದೆ.

ಹೊಸ ಪುಟವನ್ನು ಅಂಗಡಿಯ ಗೋಡೆಯ ಮೇಲೆ ಹಳೆಯದರ ಪಕ್ಕದಲ್ಲೇ ಅಂಟಿಸಿದೆ. ಹಳೆಯದನ್ನು ಕೀಳಲು ಹೋದವರನ್ನು ತಡೆದೆ. ಎರಡೂ ಇರಲಿ, ಓದುವವರು ಓದಲಿ ಎಂದೆ.

ಬೆಶ್-ತೆರೆಕ್‌ನವರೂ ಓದಿದರು. ಹದಿನೈದು ದಿನ ಆ ಕಡೆಯಿಂದ ಉಸಿರಿಲ್ಲ. ಜೀಬೆಕ್ ಯಾರೂ ಹೇಳದೆ ಓಲೆ ಬಿಚ್ಚಿ ತೊಳೆದು ಒಂದು ತಟ್ಟೆಯಲ್ಲಿಟ್ಟಳು. "ಕೇಳಿಸ್ಕೊಂಡು ಕೊಡೋದ್ಯಾಕಜ್ಜಿ, ಬಂದ ಕೂಡ್ಲೇ ಕೊಟ್ಬಿಡೋಣ" ಎಂದಳು.

ನಿನ್ನೆ ಎರ್ಮೆಕ್‌ನ ಬಸ್ಸಿನಿಂದ ಕಾಲಿಪಾ ಇಳಿದಳು. ಒಬ್ಬಳೇ. ಅಂಗಡಿಯ ಗೋಡೆಯ ಮುಂದೆ ನಿಂತು ಓದಿ, ಮುಖ ಗಂಟು ಹಾಕಿಕೊಂಡು ಮನೆಗೆ ಬಂದಳು. ನಾನು ರೊಟ್ಟಿ ಹಿಡಿದೆ. ಒಂದು ಚೂರು ಮುರಿದಳು. ಜೀಬೆಕ್ ತಟ್ಟೆ ತಂದು ಅವಳ ಮುಂದಿಟ್ಟು, ತಲೆ ಬಗ್ಗಿಸಿ ನಿಂತಳು.

"ಏನೇ ಇದು?" ಎಂದಳು ಕಾಲಿಪಾ.

"ನಿಮ್ಮ ಓಲೆ, ಅಪಾ."

"ಕಿವಿಯಲ್ಲಿ ಇರೋದು ತಟ್ಟೆಯಲ್ಲಿ ಯಾಕಿದೆ? ಬಾ ಇಲ್ಲಿ." ಎರಡೂ ಓಲೆಗಳನ್ನು ತಾನೇ ಮತ್ತೆ ತೊಡಿಸಿದಳು. ತೊಡಿಸುವಾಗ ಒಂದು ಓಲೆ ಕೆಳಗೆ ಬಿದ್ದು, ಇಬ್ಬರೂ ಬಗ್ಗಿ ಹುಡುಕಿ, ಹಣೆಗೆ ಹಣೆ ಡಿಕ್ಕಿ ಹೊಡೆದುಕೊಂಡರು. ಜೀಬೆಕ್ ನಗುತ್ತಾ ಅಳುತ್ತಾ ಚಹಾ ಕಾಯಿಸಲು ಓಡಿದಳು.

ಅವಳು ಹೋದ ಮೇಲೆ ಕಾಲಿಪಾ ನನ್ನ ಹತ್ತಿರ ಜರುಗಿ ಕೂತಳು.

"ಬೀಗಿತ್ತಿ, ಬೈಬೇಡಿ, ಒಂದು ಮಾತು. ಆ ಗಿರಣಿ ಮರಳು ನಿಮ್ಮೂರಿಗೆ ಮಾತ್ರ ಬಂತು ಅಂದ್ಕೊಂಡಿದೀರಾ? ನುಣ್ಣಗಿದೆ, ಪುಕ್ಕಟೆ ಸಿಗುತ್ತೆ ಅಂತ ನಮ್ಮನೆಯವರೂ ಲಾರಿ ತುಂಬಿಸ್ಕೊಂಡು ಬಂದಿದ್ರು. ನಾನು ಮಲಗೋ ಕೋಣೆ ಗೋಡೆಗೆ ಬಳಿದಿರೋದು ಅದೇ. ನಮ್ಮೂರಲ್ಲಿ ಎಲ್ಲರ ಮನೆಲೂ ಅದೇ. ನಿಮ್ಮ ಹುಡುಗಿನ ಬೇಡ ಅಂತ ಎರಡು ವರ್ಷ ಮೂಗು ಮುರಿದೆನಲ್ಲ, ಆ ಗೋಡೆಗೆ ಒರಗಿಕೊಂಡೇ ಮುರಿದಿದ್ದು."

ಅವಳ ಕೈ ಹಿಡಿದುಕೊಂಡೆ.

"ಅಂಗಡಿ ಗೋಡೆ ಮೇಲೆ ನಿಮ್ಮ ಹೆಸರು ನೋಡ್ದೆ," ಎಂದಳು. "ಕೆಳಗೆ ದೊಡ್ಡದಾಗಿ, ಊಲ್ಕನ್ ಅಂತ. ಹೆಂಗಸಿನ ಹೆಸರು, ಒಂದೇ. ಬಸ್ಸಲ್ಲಿ ಬಂದವರಿಗೆಲ್ಲ ನಮ್ಮ ಬೀಗಿತ್ತಿ ಅಂತ ಹೇಳ್ಕೊಂಡೆ. ಆ ತಕರಾರನ್ನ ಹೇಗೆ ಬರೆಯೋದು ಬೀಗಿತ್ತಿ? ನನಗೂ ಹೇಳ್ಕೊಡಿ. ಮದುವೆ ಆಗಿ ನಿಮ್ಮ ಹುಡುಗಿ ಬರೋದು ಆ ಕೋಣೆಗೇ ಅಲ್ವಾ?"

ಕಚೇರಿಯ ಹಾಳೆ ಇರಲಿಲ್ಲ. ಇದ್ದ ಒಂದನ್ನು ನಾನೇ ಬರೆದು ಮುಗಿಸಿದ್ದೆನಲ್ಲ. ಕಾಲಿಪಾ ಊರಿಗೆ ಹೋಗದೆ ನನ್ನ ಮನೆಯಲ್ಲೇ ಕೂತಿದ್ದಾಳೆ. ಬರೆದೇ ಹೋಗುವುದಂತೆ.

ಎರ್ಮೆಕ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಬರುವ ಬಸ್ಸಿಗೇ ಖಾಲಿ ಹಾಳೆ ಕಳಿಸು. ಒಂದು ಕಳಿಸಬೇಡ ಮತ್ತೆ, ಕಟ್ಟು ಕಳಿಸು. ಬೆಶ್-ತೆರೆಕ್‌ನಲ್ಲಿ ಮನೆಗಳು ಬಹಳ ಇವೆ.

ನಿನ್ನ ತಾಯೆಜೆ
ಊಲ್ಕನ್